ಗೇಣುದ್ದದ ಡೀಸೆಲ್ ಎಂಜಿನ್: ಕರಾವಳಿಯ ಮನೆಯಲ್ಲಿ ಪ್ರತಿಕೃತಿ ಕಟ್ಟುವ ಕ್ರಮ

ಶಿರವಾಡದಲ್ಲಿರುವ ಕಾರವಾರದ ನಿಲ್ದಾಣದಲ್ಲಾಗಲಿ, ಅಂಕೋಲೆಯ ನಿಲ್ದಾಣದಲ್ಲಾಗಲಿ, ಕೆಲವೇ ವರ್ಷಗಳ ಹಿಂದೆ ಗಾಡಿಗಾಗಿ ಕಾದು ನಿಂತವರಿಗೆ, ಗುಡ್ಡದ ತಿರುವಿನಾಚೆಯಿಂದ ಮೊದಲು ನೆಲವನ್ನು ನಡುಗಿಸುವ ಒಂದು ಮಂದ್ರಧ್ವನಿಯೂ, ಆಮೇಲೆ ಮರಗಳ ಮೇಲೆ ಏಳುವ ಕರಿಹೊಗೆಯೂ, ಕಟ್ಟಕಡೆಗೆ ಉದ್ದ ಮೂತಿಯ ಡೀಸೆಲ್ ಎಂಜಿನ್ನೂ ಕಾಣಿಸಿಕೊಳ್ಳುತ್ತಿದ್ದ ಆ ಕ್ರಮವು ಮರೆಯತಕ್ಕುದಲ್ಲ. 2022ರಲ್ಲಿ ಕೊಂಕಣ ರೈಲುಮಾರ್ಗದ ವಿದ್ಯುದೀಕರಣವು ಪೂರ್ಣಗೊಂಡ ಬಳಿಕ ಆ ಧ್ವನಿ ಅಪರೂಪವಾಗಿದೆ. ಅದನ್ನು ಕೇಳಿ ಬೆಳೆದವರು ಈಗ ತಮ್ಮ ಮಕ್ಕಳಿಗೆ ಆ ಎಂಜಿನ್ನನ್ನು ತೋರಿಸಬೇಕೆಂದು ಬಯಸಿ ಆಟಿಕೆಯ ಅಂಗಡಿಗೆ ಹೋದರೆ, ಅಲ್ಲಿ ದೊರೆಯುವುದು ಯಾವುದೋ ಪರದೇಶದ ಉಗಿಯಂತ್ರ. ಅದಕ್ಕೆ ನಮ್ಮ ಬಣ್ಣ ಬಳಿದರೂ ಅದು ನಮ್ಮದಾಗುವುದಿಲ್ಲ. 'ನಾವೇ ಮಾಡಿದರಾಗದೇ?' ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಆಗುತ್ತದೆ, ಆದರೆ ಮೊದಲು ಕೆಲವು ಕಾರಣಗಳನ್ನು ತಿಳಿದು, ಅನಂತರ ಕತ್ತರಿಯನ್ನು ಕೈಗೆತ್ತಿಕೊಳ್ಳುವುದು ಮೇಲು.

ಯಾವ ಎಂಜಿನ್?

ನಾವು ಆರಿಸಿಕೊಳ್ಳುವುದು ಡಬ್ಲ್ಯೂಡಿಎಂ-2 ಎಂಬುದನ್ನು. ಈ ಹೆಸರಿನಲ್ಲಿ ಮಂತ್ರವೇನೂ ಇಲ್ಲ: ಮೊದಲನೆಯ ಅಕ್ಷರವು ಅಗಲ ಹಳಿಯನ್ನೂ, ಎರಡನೆಯದು ಡೀಸೆಲನ್ನೂ, ಮೂರನೆಯದು ಪ್ರಯಾಣಿಕರ ಗಾಡಿ ಮತ್ತು ಸರಕಿನ ಗಾಡಿ ಎರಡಕ್ಕೂ ಒದಗುವ ಮಿಶ್ರಸೇವೆಯನ್ನೂ ಸೂಚಿಸುತ್ತವೆ. ಅಮೆರಿಕದ ಆಲ್ಕೋ ಸಂಸ್ಥೆಯ ವಿನ್ಯಾಸವಾದ ಇದರ ಮೊದಲ ಯಂತ್ರಗಳು 1962ರಲ್ಲಿ ಹಡಗೇರಿ ಬಂದವು. 1964ರಿಂದ ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ಕಾರ್ಖಾನೆಯಲ್ಲಿ ಇವು ತಯಾರಾಗತೊಡಗಿ, ಸಂಖ್ಯೆಯಲ್ಲಿ ಎರಡು ಸಾವಿರವನ್ನು ಮೀರಿದವು. ಹದಿನಾರು ಸಿಲಿಂಡರುಗಳು, 2,600 ಅಶ್ವಶಕ್ತಿ, 112.8 ಟನ್ ತೂಕ, ಗಂಟೆಗೆ 120 ಕಿ.ಮೀ. ಗರಿಷ್ಠ ವೇಗ. 1998ರ ಜನವರಿ 26ರಂದು ರೋಹಾದಿಂದ ತೋಕೂರಿನವರೆಗೆ ಕೊಂಕಣ ಮಾರ್ಗವು ಪೂರ್ತಿ ತೆರೆದಾಗ ನಮ್ಮ ಕಾಳಿ, ಗಂಗಾವಳಿ, ಅಘನಾಶಿನಿಗಳನ್ನು ದಾಟಿ ಗಾಡಿಗಳನ್ನು ಎಳೆದವುಗಳಲ್ಲಿ ಈ ವಂಶದ ಎಂಜಿನ್ನುಗಳಿಗೆ ದೊಡ್ಡ ಪಾಲುಂಟು. ಚರಿತ್ರೆ ಇಷ್ಟು ಸಾಕು.

ಕುಗ್ಗಿಸುವುದೆಂದರೆ ಏನು?

ಪ್ರತಿಕೃತಿಯ ಲೋಕದಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಎಚ್‌ಒ ಎಂಬ ಪ್ರಮಾಣ. ಅಂದರೆ ನಿಜವಸ್ತುವಿನ 87ರಲ್ಲಿ ಒಂದು ಪಾಲು. ಬಫರಿನಿಂದ ಬಫರಿಗೆ 17,120 ಮಿ.ಮೀ. ಉದ್ದವಿರುವ ನಮ್ಮ ಎಂಜಿನ್ ಈ ಲೆಕ್ಕದಲ್ಲಿ 197 ಮಿ.ಮೀ. ಆಗುತ್ತದೆ, ಗೇಣಿಗೆ ಬೆರಳಗಲ ಕಡಿಮೆ. 2,864 ಮಿ.ಮೀ. ಅಗಲವು 33 ಮಿ.ಮೀ.ಗೂ, 1,092 ಮಿ.ಮೀ. ವ್ಯಾಸದ ಚಕ್ರವು 12.5 ಮಿ.ಮೀ.ಗೂ ಇಳಿಯುತ್ತವೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಉದ್ದವು 87 ಪಾಲು ಕುಗ್ಗಿದರೆ ಮೇಲ್ಮೈಯು 87ರ ವರ್ಗದಷ್ಟೂ, ಘನವು 87ರ ಘನದಷ್ಟೂ, ಎಂದರೆ ಆರೂವರೆ ಲಕ್ಷಕ್ಕೂ ಮಿಕ್ಕಿದ ಪಾಲು, ಕುಗ್ಗುತ್ತವೆ. ಐದು ಸಾವಿರ ಲೀಟರಿನ ಡೀಸೆಲ್ ಟ್ಯಾಂಕಿನಲ್ಲಿ ಹಿಡಿಯುವುದು ಒಂದೂವರೆ ಚಮಚೆ ಎಣ್ಣೆ, 112.8 ಟನ್ನಿನ ಯಂತ್ರವು ಕೇವಲ 171 ಗ್ರಾಂ ತೂಗಬೇಕು. ಆದರೆ ಅಷ್ಟು ಹಗುರಾದ ಎಂಜಿನ್ನು ನಾಲ್ಕು ಡಬ್ಬಿಗಳನ್ನು ಎಳೆಯಲಾರದೆ ಹಳಿಯ ಮೇಲೆ ಚಕ್ರ ತಿರುಗಿಸುತ್ತ ನಿಂತಲ್ಲೇ ನಿಲ್ಲುವುದು. ಹೀಗೆ ತೂಕದಲ್ಲಿ ಪ್ರಮಾಣವನ್ನು ಬಿಟ್ಟುಕೊಟ್ಟಲ್ಲದೆ ಓಟವು ದೊರೆಯುವುದಿಲ್ಲ. ಎಲ್ಲ ಅಳತೆಗಳನ್ನೂ ಏಕಕಾಲದಲ್ಲಿ ಉಳಿಸಿಕೊಳ್ಳುವ ಪ್ರತಿಕೃತಿ ಲೋಕದಲ್ಲಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಪ್ರಾಣ ಹೋದರೂ ಬಿಡಬಾರದು ಎಂಬ ವಿವೇಕವೇ ಈ ಕಲೆಯ ಮುಕ್ಕಾಲು ಪಾಲು.

ಕೊಂಕಣ ಮಾರ್ಗದ ತಿರುವುಗಳನ್ನೇ ನೋಡಿ. ಅತಿ ಬಿಗಿಯಾದ ತಿರುವಿನ ತ್ರಿಜ್ಯವೂ 1,250 ಮೀಟರ್. ಅದನ್ನು ಯಥಾವತ್ತಾಗಿ ಕುಗ್ಗಿಸಿದರೆ 14.4 ಮೀಟರ್ ತ್ರಿಜ್ಯದ ತಿರುವಾಗುತ್ತದೆ. ಹಳಿಯನ್ನು ಅರ್ಧವೃತ್ತವಾಗಿ ತಿರುಗಿಸುವಷ್ಟರಲ್ಲಿ ನಿಮ್ಮ ಅಂಗಳವನ್ನು ದಾಟಿ ನೆರೆಮನೆಯವರ ಬಾವಿಕಟ್ಟೆಯನ್ನು ಮುಟ್ಟಿರುತ್ತೀರಿ. ಕಾರವಾರದ ಸುರಂಗವು ಸುಮಾರು 2.95 ಕಿ.ಮೀ. ಉದ್ದವಿರುವುದಷ್ಟೆ, ಮೇಜಿನ ಮೇಲೆ ಅದು 34 ಮೀಟರ್. ಆದುದರಿಂದ ಮನೆಯಲ್ಲಿ 60 ಸೆಂ.ಮೀ. ತ್ರಿಜ್ಯದ ತಿರುವಿಗೂ, ಒಂದು ಮೊಳದ ಸುರಂಗಕ್ಕೂ ಒಪ್ಪಿಕೊಳ್ಳಬೇಕು.

ಹಳಿಯ ಅಗಲದ ಗೊಂದಲ

ಹೊಸಬರನ್ನು ಅತಿಯಾಗಿ ಕಾಡುವುದು ಇದು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ.; ಯುರೋಪು ಮತ್ತು ಅಮೆರಿಕಗಳ 1,435 ಮಿ.ಮೀ. ಹಳಿಗೆ ಅದು ಸರಿಯಾದ ಅನುವಾದ. ನಮ್ಮ ಬ್ರಾಡ್‌ಗೇಜು 1,676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಮಿ.ಮೀ. ಬರಬೇಕು. ಎಂದರೆ ಸಿದ್ಧ ಹಳಿಯ ಮೇಲೆ ನಿಂತ ನಮ್ಮ ಎಂಜಿನ್, ದಪ್ಪ ಮನುಷ್ಯನು ಕಾಲು ಜೋಡಿಸಿ ನಿಂತಂತೆ, 2.8 ಮಿ.ಮೀ. ಇಕ್ಕಟ್ಟಾಗಿ ಕಾಣುತ್ತದೆ.

ಈ ಸಂಕಟ ನಮಗೊಬ್ಬರಿಗೇ ಬಂದುದಲ್ಲ. ಐರ್ಲೆಂಡಿನ ಹಳಿಯ ಅಗಲ 1,600 ಮಿ.ಮೀ. ಅಲ್ಲಿನ ಹವ್ಯಾಸಿಗಳು, 1955-56ರಲ್ಲಿ ಮೆಟ್ರೊಪಾಲಿಟನ್-ವಿಕರ್ಸ್ ಕಟ್ಟಿಕೊಟ್ಟ 60 'ಎ' ವರ್ಗದ ಹಳೆಯ ಡೀಸೆಲ್ ಎಂಜಿನ್ನುಗಳನ್ನು, ಒಂದಡಿಗೆ ನಾಲ್ಕು ಮಿ.ಮೀ. ಎಂಬ ಬ್ರಿಟಿಷ್ ಪ್ರಮಾಣದಲ್ಲಿ ಪ್ರೀತಿಯಿಂದ ಮಾಡುತ್ತಾರೆ. ಆ ಲೆಕ್ಕಕ್ಕೆ ಹಳಿಯು 21 ಮಿ.ಮೀ. ಇರಬೇಕಾದರೂ ಹೆಚ್ಚಿನವರು 16.5ರ ಹಳಿಯ ಮೇಲೆಯೇ ಓಡಿಸುತ್ತಾರೆ. ಅವರ ಕೊರತೆ ನಾಲ್ಕೂವರೆ ಮಿ.ಮೀ.; ನಮ್ಮದಕ್ಕಿಂತ ಹೆಚ್ಚು. ಆದರೂ ನೋಡುವವರು ತಲೆದೂಗುತ್ತಾರೆ. ಕಾರಣವೇನೆಂದರೆ, ನಾವು ಎಂಜಿನ್ನನ್ನು ಬಹುಮಟ್ಟಿಗೆ ಪಕ್ಕದಿಂದ ನೋಡುತ್ತೇವೆಯೇ ಹೊರತು ಎದುರಿನಿಂದಲ್ಲ. ಚಕ್ರಗಳ ಹೊರಚೌಕಟ್ಟು ತನ್ನ ನಿಜವಾದ ಜಾಗದಲ್ಲಿದ್ದರೆ, ಅದರ ಹಿಂದೆ ಚಕ್ರವು ಒಂದೂವರೆ ಮಿ.ಮೀ. ಒಳಗೆ ಸರಿದಿರುವುದು ಕಣ್ಣಿಗೆ ಬೀಳುವುದಿಲ್ಲ.

ಹೀಗಾಗಿ ನಿಮ್ಮ ಮುಂದೆ ಎರಡು ದಾರಿಗಳಿವೆ. ಓಡುವ ಎಂಜಿನ್ ಬೇಕಾದರೆ ಸಿದ್ಧ ಹಳಿ, ಮೋಟರು ಚಕ್ರಗಳನ್ನು ಕೂಡಿಸಿಟ್ಟ ಸಿದ್ಧ ಚಾಸಿಸ್. ಗಾಜಿನ ಕಪಾಟಿನಲ್ಲಿ ನಿಲ್ಲುವ ಎಂಜಿನ್ ಸಾಕೆಂದರೆ ಹಳಿಯನ್ನು 19.3 ಮಿ.ಮೀ. ಅಗಲಕ್ಕೆ ನೀವೇ ಹಾಸಿಕೊಳ್ಳಬಹುದು. ಎರಡನ್ನೂ ಒಮ್ಮೆಗೇ ಬಯಸಿ ಕೈಸುಟ್ಟುಕೊಂಡವರು ಬಹಳ.

ಬೇಕಾಗುವ ಸಾಮಗ್ರಿ

ಒಂದು ಮಿ.ಮೀ. ದಪ್ಪದ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಹಾಳೆ, ಉಕ್ಕಿನ ಸ್ಕೇಲು, ಕಂಪಾಸು ಪೆಟ್ಟಿಗೆಯ ಮೂಲೆಮಟ್ಟ, ಹೊಸ ಅಲಗಿನ ಕಟರ್, 400 ಮತ್ತು 800ರ ನೀರುಕಾಗದ, ಕೈಕಂಬಿಗಳಿಗೆ ಅರ್ಧ ಮಿ.ಮೀ.ಗಿಂತ ತೆಳುವಾದ ತಾಮ್ರದ ತಂತಿ, ಜಾಲರಿಗಾಗಿ ಕಿಟಕಿಯ ಸೊಳ್ಳೆಪರದೆಯ ಒಂದು ತುಂಡು. ಮದುವೆಯ ಕರೆಯೋಲೆಯ ನುಣುಪು ಕಾಗದವನ್ನು ಎಸೆಯಬೇಡಿ. ಎಂಜಿನ್ ಮೈಯ ಸಾಲು ಬಾಗಿಲುಗಳಿಗೆ ಅದಕ್ಕಿಂತ ಒಪ್ಪುವ ವಸ್ತುವಿಲ್ಲ. ಓಡುವ ಎಂಜಿನ್ನಾದರೆ ಆರು ಅಚ್ಚುಗಳ, 12 ವೋಲ್ಟಿನ ಒಂದು ಚಾಸಿಸ್. ಅಮೆರಿಕದ ಆಲ್ಕೋ ಆರ್‌ಎಸ್‌ಡಿ ವರ್ಗದ ಪ್ರತಿಕೃತಿಯದು ದೊರೆತರೆ ಒಳ್ಳೆಯದು, ಏಕೆಂದರೆ ಅದರ ಬೋಗಿಯೂ ನಮ್ಮದೂ ಒಂದೇ ಮನೆತನದವು.

ಬೋಗಿ ಎಂದಾಗ ಒಂದು ಮಾತು. ನಾವು ಆಡುಮಾತಿನಲ್ಲಿ ಪ್ರಯಾಣಿಕರ ಡಬ್ಬಿಗೆ ಬೋಗಿ ಎನ್ನುತ್ತೇವೆ. ರೈಲ್ವೆಯ ಕಾರ್ಖಾನೆಯಲ್ಲಿ ಆ ಶಬ್ದಕ್ಕೆ ಅರ್ಥ ಬೇರೆ, ಡಬ್ಬಿಯ ಅಥವಾ ಎಂಜಿನ್ನಿನ ಅಡಿಯಲ್ಲಿ ಚಕ್ರಗಳನ್ನು ಹಿಡಿದಿಡುವ ಚೌಕಟ್ಟು. ಈ ಲೇಖನದಲ್ಲಿ ಎರಡನೆಯ ಅರ್ಥವನ್ನೇ ಇಟ್ಟುಕೊಂಡಿದೆ.

ಕಟ್ಟುವ ಕ್ರಮ

1. ಒಂದೇ ಎಂಜಿನ್, ಒಂದೇ ಕಾಲ. ಈ ವರ್ಗದ ಎಂಜಿನ್ನುಗಳಿಗೆ ಒಂದೊಂದು ಲೋಕೊ ಶೆಡ್ಡಿನವರು ಒಂದೊಂದು ಬಣ್ಣ ಬಳಿದರು. ಅನೇಕವನ್ನು ಮುಂದೆ ಬಿಚ್ಚಿ ಹೊಸದಾಗಿ ಕಟ್ಟಿ ಬಲವನ್ನು ಹೆಚ್ಚಿಸಿದರು. ಐರ್ಲೆಂಡಿನ 'ಎ' ವರ್ಗಕ್ಕೂ ಹೀಗೆಯೇ ಆಯಿತು: ಮೊದಲಿನ ಕ್ರಾಸ್ಲಿ ಎಂಜಿನ್ನುಗಳನ್ನು ಕಿತ್ತು ಜನರಲ್ ಮೋಟರ್ಸ್‌ನವನ್ನು ಕೂರಿಸಿದರು, ಮೈಬಣ್ಣವೂ ಬೆಳ್ಳಿಯಿಂದ ಹಸುರಿಗೆ, ಹಸುರಿನಿಂದ ಕಪ್ಪಿಗೆ ಬದಲಾಗುತ್ತ ಹೋಯಿತು. ಆದುದರಿಂದ ಒಂದು ನಿಶ್ಚಿತ ಸಂಖ್ಯೆಯ ಎಂಜಿನ್ನಿನ, ಒಂದು ನಿಶ್ಚಿತ ಕಾಲದ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಅದನ್ನೇ ಅನುಸರಿಸಿ. ಮೈಮೇಲೆ ಬರೆದ ಶೆಡ್ಡಿನ ಸಂಕೇತಾಕ್ಷರಗಳನ್ನೂ ನೋಡಿಕೊಳ್ಳಿ: ಈರೋಡಿಗೆ ಇಡಿ, ಕಲ್ಯಾಣಕ್ಕೆ ಕೆವೈಎನ್, ಕೃಷ್ಣರಾಜಪುರಕ್ಕೆ ಕೆಜೆಎಂ.

2. ಚಿತ್ರದಿಂದ ಅಳತೆ. ನಕಾಶೆ ಸಿಕ್ಕದಿದ್ದರೆ ಎದೆಗುಂದಬೇಕಾಗಿಲ್ಲ. ನೇರ ಪಕ್ಕದಿಂದ, ದೂರ ನಿಂತು ತೆಗೆದ ಚಿತ್ರವೊಂದನ್ನು ಆರಿಸಿ. ಹತ್ತಿರದಿಂದ ತೆಗೆದುದರಲ್ಲಿ ನಡುಭಾಗ ಉಬ್ಬಿ ತುದಿಗಳು ಕುಗ್ಗಿರುತ್ತವೆ. ಅದನ್ನು ಅಚ್ಚುಹಾಕಿಸಿ, ಬಫರಿನಿಂದ ಬಫರಿಗೆ ಅಳೆಯಿರಿ. 260 ಮಿ.ಮೀ. ಬಂದಿತೆನ್ನಿ. ಪ್ರತಿಕೃತಿಯ ಉದ್ದ 197. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.76. ಇನ್ನು ಚಿತ್ರದ ಯಾವ ಭಾಗವನ್ನಾದರೂ ಅಳೆದು ಈ ಸಂಖ್ಯೆಯಿಂದ ಗುಣಿಸಿ: ಚಿತ್ರದಲ್ಲಿ 10 ಮಿ.ಮೀ. ಅಗಲವಿರುವ ಬಾಗಿಲು ಪ್ರತಿಕೃತಿಯಲ್ಲಿ 7.6 ಮಿ.ಮೀ. ಚಕ್ರವನ್ನು ಮಾನದಂಡ ಮಾಡಿಕೊಳ್ಳಬೇಡಿ; 1,092 ಎಂಬುದು ಹೊಸ ಚಕ್ರದ ವ್ಯಾಸ, ಓಡಿದಷ್ಟೂ ಅದು ಸವೆಯುತ್ತ ಬಂದಿರುತ್ತದೆ.

3. ಮೊದಲು ರಟ್ಟಿನದು. ಈ ಅಳತೆಗಳಿಂದ ಪಕ್ಕ, ಮೇಲು, ಎದುರು ಎಂಬ ಮೂರು ನೋಟಗಳನ್ನು ಚೌಕಳಿ ಕಾಗದದ ಮೇಲೆ ಬರೆದು, ತೆಳು ರಟ್ಟಿನಲ್ಲಿ ಕತ್ತರಿಸಿ ಟೇಪು ಹಚ್ಚಿ ನಿಲ್ಲಿಸಿ. ತಪ್ಪುಗಳೆಲ್ಲ ಅಗ್ಗದ ರಟ್ಟಿನಲ್ಲಿಯೇ ಮುಗಿದುಹೋಗಲಿ.

4. ಅಡಿಪಾಯ. ಎಂಜಿನ್ನಿನ ತಳಹಾಸು ಬಫರುಗಳನ್ನು ಬಿಟ್ಟು 182 ಮಿ.ಮೀ. ಇರಬೇಕು. ಅದನ್ನು ಚಾಸಿಸ್ಸಿನ ಮೇಲೆ ಇಟ್ಟು, ಬೋಗಿಗಳು ತಿರುವಿನಲ್ಲಿ ಎರಡು ಕಡೆಗೂ ತಗಲದೆ ತಿರುಗುತ್ತವೆಯೇ ಎಂದು ನೋಡಿ. ಬೋಗಿಯ ಹೊರಚೌಕಟ್ಟುಗಳ ಹಿಂದೆ ಪ್ಲಾಸ್ಟಿಕ್ ಚೂರುಗಳನ್ನು ಅಂಟಿಸಿ ಅವನ್ನು ಎರಡು ಬದಿಗೂ ಸುಮಾರು ಒಂದೂವರೆ ಮಿ.ಮೀ. ಹೊರಕ್ಕೆ ತನ್ನಿ, ಹಳಿಯ ಕೊರತೆಯನ್ನು ಮರೆಸುವ ಉಪಾಯವೆಂದರೆ ಇದೇ.

5. ಮೂತಿ ಮತ್ತು ಕ್ಯಾಬ್. ಈ ಎಂಜಿನ್ನಿಗೆ ಡ್ರೈವರಿನ ಕ್ಯಾಬ್ ಒಂದೇ, ಅದೂ ಒಂದು ತುದಿಯ ಹತ್ತಿರ. ಅದರ ಮುಂದೆ ಗಿಡ್ಡ ಮೂತಿ, ಹಿಂದೆ ಉದ್ದ ಮೂತಿ. ಉದ್ದ ಮೂತಿಯೊಳಗೆ ಕ್ಯಾಬಿನ ಬಳಿಯಿಂದ ಕ್ರಮವಾಗಿ ಜನರೇಟರು, ಡೀಸೆಲ್ ಎಂಜಿನ್, ಬ್ರೇಕಿಗೆ ಬೇಕಾದ ಗಾಳಿಯ ಯಂತ್ರ, ತುದಿಯಲ್ಲಿ ರೇಡಿಯೇಟರು ಇವೆಯೆಂಬುದನ್ನು ತಿಳಿದಿದ್ದರೆ, ಬಾಗಿಲು ಎಲ್ಲಿ, ಜಾಲರಿ ಎಲ್ಲಿ, ಹೊಗೆಯ ಕೊಳವೆ ಎಲ್ಲಿ ಎಂಬುದು ತಾನಾಗಿಯೇ ನೆನಪಿನಲ್ಲಿ ನಿಲ್ಲುತ್ತದೆ. ಮೂತಿಗಳು ಕಿರಿದು, ಅವುಗಳ ಪಕ್ಕದಲ್ಲಿ ನಡೆಯುವ ಹಾದಿ. ಕ್ಯಾಬ್ ಮಾತ್ರ ಪೂರ್ತಿ ಅಗಲ. ಮೂತಿಯನ್ನು ಪೆಟ್ಟಿಗೆಯಂತೆ ಕಟ್ಟಿ, ಒಳಗೆ ಮೂರು ನಾಲ್ಕು ಅಡ್ಡಪಟ್ಟಿಗಳನ್ನು ಕೊಟ್ಟು, ಅಂಟು ಗಟ್ಟಿಯಾದ ಮೇಲೆ ಅಂಚುಗಳನ್ನು ನೀರುಕಾಗದದಿಂದ ದುಂಡಗೆ ಮಾಡಿ.

6. ಸಣ್ಣ ಅಂಗಗಳು. ಕರೆಯೋಲೆಯ ಕಾಗದದ ಬಾಗಿಲುಗಳು, ಸೊಳ್ಳೆಪರದೆಯ ಜಾಲರಿಗಳು, ತಂತಿಯ ಕೈಕಂಬಿಗಳು ಈಗ. ಕೈಕಂಬಿಯ ಕಾಲುಗಳೆಲ್ಲ ಒಂದೇ ಎತ್ತರಕ್ಕೆ ಬರಬೇಕಾದರೆ ರಟ್ಟಿನ ಪಟ್ಟಿಯೊಂದನ್ನು ಕೆಳಗೆ ಆಧಾರವಾಗಿಟ್ಟುಕೊಂಡು ಅಂಟಿಸಿ, ಬಳಿಕ ಎಳೆದು ತೆಗೆಯಿರಿ. ಬೇರೆ ಯಾವ ಭಾಗ ಸೊಟ್ಟಗಾದರೂ ಕ್ಷಮಿಸುವ ಕಣ್ಣು ಸೊಟ್ಟ ಕೈಕಂಬಿಯನ್ನು ಕ್ಷಮಿಸುವುದಿಲ್ಲ.

7. ಭಾರ. ಒಟ್ಟು ತೂಕವನ್ನು 300 ಗ್ರಾಂ ಆಸುಪಾಸಿಗೆ ಏರಿಸಿ. ಕಾರವಾರ, ಅಂಕೋಲೆಗಳಲ್ಲಿ ಬಲೆಗೆ ಕಟ್ಟುವ ಸೀಸದ ಮಣಿಗಳು ಸುಲಭವಾಗಿ ಸಿಗುತ್ತವೆ. ಇಲ್ಲದಿದ್ದರೆ ಕಬ್ಬಿಣದ ವಾಷರುಗಳಾದರೂ ಆದೀತು. ಭಾರವು ಎರಡು ಬೋಗಿಗಳ ಮೇಲೂ ಸಮನಾಗಿ ಬೀಳಬೇಕು: ಚಾಸಿಸ್ಸನ್ನು ನಡುವೆ ಒಂದು ಪೆನ್ಸಿಲಿನ ಮೇಲೆ ಇಟ್ಟು ತಕ್ಕಡಿಯಂತೆ ತೂಗಿ ನೋಡಿ.

8. ಬಣ್ಣಕ್ಕೆ ಮೊದಲು ಓಟ. ಒಂದು ಮೀಟರ್ ಹಳಿಯನ್ನು ಗುರುತು ಹಾಕಿ, ಗಡಿಯಾರ ಹಿಡಿಯಿರಿ. ಆ ಮೀಟರನ್ನು 3.1 ಸೆಕೆಂಡಿನಲ್ಲಿ ದಾಟಿದರೆ ನಿಜದಲ್ಲಿ ಅದು ಗಂಟೆಗೆ 100 ಕಿ.ಮೀ.; 2.6 ಸೆಕೆಂಡಿಗಿಂತ ಬೇಗ ದಾಟಿದರೆ ಡಬ್ಲ್ಯೂಡಿಎಂ-2 ಎಂದೂ ಓಡದ ವೇಗ. ನಿಲ್ದಾಣದೊಳಕ್ಕೆ ಬರುವಾಗ ಹತ್ತು ಸೆಕೆಂಡು ತೆಗೆದುಕೊಳ್ಳಲಿ. ಆಗ ನೋಡಿ ಅದರ ಗಾಂಭೀರ್ಯವನ್ನು.

9. ಬಣ್ಣ. ಸಾಬೂನಿನ ನೀರಿನಿಂದ ತೊಳೆದು, ಒಣಗಿಸಿ, ಮೊದಲು ಬೂದು ಬಣ್ಣದ ಪ್ರೈಮರು ಕೊಡಿ. ಎಲ್ಲಿ ಗೀರು, ಎಲ್ಲಿ ಸಂದು ಎಂಬುದನ್ನು ಅದು ಚಾಡಿ ಹೇಳುತ್ತದೆ. ಆಮೇಲೆ ತಿಳಿಬಣ್ಣ ಮೊದಲು, ಗಾಢಬಣ್ಣ ಅನಂತರ, ಎರಡು ತೆಳು ಲೇಪಗಳಲ್ಲಿ.

10. ಧೂಳು ಮತ್ತು ಮಸಿ. ಹೊಳೆಯುವ ಎಂಜಿನ್ ಆಟಿಕೆಯಾಗಿ ಕಾಣುತ್ತದೆ. ನಮ್ಮ ಮಾರ್ಗದ ಗುಡ್ಡಗಳನ್ನು ಕಡಿದಲ್ಲೆಲ್ಲ ಚಿರೆಕಲ್ಲು. ಬೋಗಿ, ಟ್ಯಾಂಕುಗಳ ಮೇಲೆ ಕೂರುವುದು ಅದರ ಕೆಂಧೂಳು. ಒಂದು ಚೂರು ಚಿರೆಕಲ್ಲನ್ನು ಕುಟ್ಟಿ, ಹಳೆಯ ಪಂಚೆಯಲ್ಲಿ ಸೋಸಿ, ಮೆತ್ತನೆಯ ಕುಂಚದಿಂದ ಕೆಳಭಾಗಕ್ಕೆ ಸವರಿ; ಯಾವ ಅಂಗಡಿಯ ಬಣ್ಣವೂ ಅದಕ್ಕೆ ಸಾಟಿಯಲ್ಲ. ಹೊಗೆಯ ಕೊಳವೆಯ ಸುತ್ತ ದೀಪದ ಮಸಿ. ಆಲ್ಕೋ ಎಂಜಿನ್ನು ಹೊರಡುವಾಗ ಕರಿಹೊಗೆ ಕಾರುತ್ತಿದ್ದುದಕ್ಕೆ ಕಾರಣವುಂಟು: ಡ್ರೈವರು ಹಿಡಿಯನ್ನು ಮುಂದಕ್ಕೆ ಸರಿಸಿದೊಡನೆ ಎಣ್ಣೆ ಹೆಚ್ಚುತ್ತದೆ, ಆದರೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಚಕ್ರವು ವೇಗ ಪಡೆಯಲು ತುಸು ಹೊತ್ತು ಹಿಡಿಯುತ್ತದೆ, ಆ ನಡುವಿನ ಅವಧಿಯಲ್ಲಿ ಗಾಳಿ ಸಾಲದೆ ಉರಿಯದುಳಿದ ಎಣ್ಣೆಯೇ ಆ ಹೊಗೆ. ಮಸಿಯು ಕೊಳವೆಯ ಬಳಿ ಗಾಢವಾಗಿ, ದೂರಕ್ಕೆ ತೆಳುವಾಗುತ್ತ ಹೋಗಲಿ.

ಎಚ್ಚರಿಕೆಗಳು

* ಅಳತೆಗಾಗಿಯೋ ಚಿತ್ರಕ್ಕಾಗಿಯೋ ಹಳಿಯ ಮೇಲೆ ಇಳಿಯಬೇಡಿ. ಅದು ಅಪಾಯವೂ ಹೌದು, ಅಪರಾಧವೂ ಹೌದು. ಮೇಲಿನ ತಂತಿಯಲ್ಲಿ ಈಗ 25,000 ವೋಲ್ಟ್ ಹರಿಯುತ್ತಿದೆ; ಕೊಡೆಯನ್ನಾಗಲಿ ಸೆಲ್ಫಿ ಕೋಲನ್ನಾಗಲಿ ಅದರತ್ತ ಎತ್ತತಕ್ಕದ್ದಲ್ಲ. ಕಾರವಾರವು ನೌಕಾನೆಲೆಯುಳ್ಳ ಊರು. ಅದರ ಎಲ್ಲೆಯ ಹತ್ತಿರ ಕ್ಯಾಮೆರಾ, ಡ್ರೋನುಗಳ ಗೊಡವೆ ಬೇಡವೇ ಬೇಡ.
* ಪ್ರತಿಕೃತಿಯ ಹಳಿಗೆ 12 ವೋಲ್ಟಿನ ಒಳ್ಳೆಯ ಅಡಾಪ್ಟರು ಮತ್ತು ನಿಯಂತ್ರಕದ ಮೂಲಕವೇ ವಿದ್ಯುತ್ತನ್ನು ಕೊಡಿ. ಮನೆಯ ಪ್ಲಗ್ಗಿನ ತಂತಿಯನ್ನು ನೇರವಾಗಿ ಮುಟ್ಟಿಸುವ 'ಪ್ರಯೋಗ' ಮೊದಲನೆಯದೂ ಕೊನೆಯದೂ ಆದೀತು.
* ಸೀಸವು ವಿಷ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ, ಉಜ್ಜಿ ಪುಡಿ ಮಾಡಬೇಡಿ. ಅದನ್ನು ಬಿಳಿಯ ಮರದಂಟಿನಿಂದ ಅಂಟಿಸಲೂ ಬಾರದು. ಆ ಅಂಟಿನ ಆಮ್ಲಾಂಶದೊಡನೆ ಸೀಸವು ವರ್ತಿಸಿ, ತಿಂಗಳುಗಳಲ್ಲಿ ಉಬ್ಬಿ, ಒಳಗಿನಿಂದಲೇ ಮೂತಿಯನ್ನು ಸೀಳಿಬಿಡುತ್ತದೆ. ಎರಡು ಟ್ಯೂಬಿನ ಎಪಾಕ್ಸಿ ಅಂಟೇ ಇದಕ್ಕೆ ಯೋಗ್ಯ.
* ಬಣ್ಣ ಎರಚುವುದು, ಪ್ಲಾಸ್ಟಿಕ್ ಉಜ್ಜುವುದು ಜಗಲಿಯಲ್ಲಿ, ಮುಖಗವಸು ಧರಿಸಿ. ಒಲೆ, ದೀಪಗಳು ಹತ್ತಿರವಿರಬಾರದು. ಮಸಿ ಹಿಡಿಯುವ ಕೆಲಸ ಬೇರೆ ದಿನ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬಫರುಗಳನ್ನು ಮೈಗೆ ಸೇರಿಸುವುದು. 197 ಮಿ.ಮೀ. ಎಂಬುದನ್ನು ತಳಹಾಸಿನ ಉದ್ದವೆಂದು ತಿಳಿದು ಕತ್ತರಿಸಿದರೆ ಎಂಜಿನ್ 15 ಮಿ.ಮೀ. ಲಂಬಿಸಿ, ಎಳೆದ ಹಿಟ್ಟಿನಂತಾಗುತ್ತದೆ.

ಬೋಗಿಯನ್ನು ಹಿಂದುಮುಂದಾಗಿ ಕೂರಿಸುವುದು. ಈ ಎಂಜಿನ್ನಿನ ಒಂದೊಂದು ಬೋಗಿಯಲ್ಲಿರುವ ಮೂರು ಅಚ್ಚುಗಳ ನಡುವಣ ಅಂತರಗಳು ಸಮನಲ್ಲ. ನಡುವಿನ ಅಚ್ಚು ಒಂದು ಕಡೆಗೆ ವಾಲಿದೆ. ಯಾವ ಕಡೆಗೆ ಎಂಬುದನ್ನು ಎರಡು ಬೋಗಿಗಳಿಗೂ ಬೇರೆ ಬೇರೆಯಾಗಿ ಚಿತ್ರದಲ್ಲಿ ನೋಡಿಯೇ ಜೋಡಿಸಿ. ಬಲ್ಲವರು ಮೊದಲು ನೋಡುವ ಜಾಗವಿದು.

ಕಿಟಕಿಗೆ ಕ್ಷಣದಂಟು. ಕ್ಷಣಾರ್ಧದಲ್ಲಿ ಹಿಡಿಯುವ ಅಂಟಿನ ಆವಿಯು ಪಾರದರ್ಶಕ ಹಾಳೆಯ ಮೇಲೆ ಬಿಳಿಯ ಮಬ್ಬನ್ನು ಕೂರಿಸುತ್ತದೆ. ಡ್ರೈವರಿಗೆ ಕಣ್ಣಿನ ಪೊರೆ ಬಂದಂತಾಗುತ್ತದೆ. ಕಿಟಕಿಗೆ ಮಾತ್ರ ಬಿಳಿಯ ಅಂಟು.

ಥರ್ಮೊಕೋಲಿನ ಗುಡ್ಡಕ್ಕೆ ಸ್ಪ್ರೇ ಬಣ್ಣ. ಬಣ್ಣದ ದ್ರಾವಕವು ಥರ್ಮೊಕೋಲನ್ನು ಕರಗಿಸುವುದರಿಂದ, ನೋಡುನೋಡುತ್ತಿರುವಂತೆಯೇ ಗುಡ್ಡವು ಕಣಿವೆಯಾಗುತ್ತದೆ. ನೀರುಬಣ್ಣವನ್ನು ಬಳಸಿ.

ಡೀಸೆಲ್ ಕಾಲಕ್ಕೆ ವಿದ್ಯುತ್ ಕಂಬ. 1998ರ ಅಂಕೋಲೆಯ ನಿಲ್ದಾಣವನ್ನು ಮಾಡಿ, ಇಂದಿನ ಚಿತ್ರವನ್ನು ನೋಡಿಕೊಂಡು ಕಂಬ, ತಂತಿಗಳನ್ನು ನಿಲ್ಲಿಸುವವರಿದ್ದಾರೆ. ಆ ಕಾಲದಲ್ಲಿ ಹಳಿಯ ಮೇಲೆ ಆಕಾಶವು ಬರಿದಾಗಿತ್ತು.

ಉಪ್ಪುಗಾಳಿ ಮತ್ತು ಮಳೆಗಾಲ

ಬಯಲುಸೀಮೆಯ ಹವ್ಯಾಸಿಗೆ ಹೇಳಬೇಕಾಗಿಲ್ಲದ ಮಾತೊಂದನ್ನು ನಮ್ಮವರಿಗೆ ಹೇಳಲೇಬೇಕು. ನನ್ನ ಮೊದಲನೆಯ ಎಂಜಿನ್ನನ್ನು ನಾನು ಕ್ಯಾಲೆಂಡರಿನ ರಟ್ಟಿನಲ್ಲಿ, ಬೇಸಿಗೆಯ ರಜೆಯಲ್ಲಿ, ಎಷ್ಟು ಶ್ರದ್ಧೆಯಿಂದ ಕಟ್ಟಿದೆನೆಂದರೆ ಮೂಲೆಮಟ್ಟವಿಟ್ಟು ನೋಡಿದರೆ ಕೂದಲೆಳೆಯಷ್ಟು ಬೆಳಕೂ ನುಸುಳುತ್ತಿರಲಿಲ್ಲ. ಆಷಾಢದ ಮಳೆ ಹಿಡಿದು ಎರಡು ವಾರ ಕಳೆದು ಕಪಾಟನ್ನು ತೆರೆದಾಗ ಅದರ ಉದ್ದ ಮೂತಿಯು ಏಲಕ್ಕಿ ಬಾಳೆಯ ಹಣ್ಣಿನಂತೆ ಬಾಗಿ, ಕ್ಯಾಬಿನ ಕಡೆಗೆ ನಮಸ್ಕಾರ ಮಾಡುತ್ತ ಕುಳಿತಿತ್ತು. ರಟ್ಟಿನ ನಾರು ತೇವವನ್ನು ಹೀರಿ, ಉದ್ದಕ್ಕಿಂತ ಹೆಚ್ಚಾಗಿ ಅಡ್ಡಕ್ಕೆ ಹಿಗ್ಗುತ್ತದೆಂಬುದು ನನಗೆ ತಿಳಿದುದು ಆಗಲೇ. ರಟ್ಟನ್ನೇ ಬಳಸುವಿರಾದರೆ ಎರಡು ಪದರಗಳನ್ನು ಒಂದರ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಅಂಟಿಸಿ, ಒಳಗೂ ಹೊರಗೂ ವಾರ್ನಿಷ್ ಕೊಡಿ. ಪಾಲಿಸ್ಟೈರೀನಿಗೆ ಈ ಬಾಧೆಯಿಲ್ಲ.

ಬಣ್ಣದ ಕೆಲಸವನ್ನು ನವರಾತ್ರಿಯ ಬಳಿಕ ಹೋಳಿಯೊಳಗಾಗಿ ಮುಗಿಸಿಕೊಳ್ಳಿ. ತೇವ ತುಂಬಿದ ಗಾಳಿಯಲ್ಲಿ ಎರಚಿದ ಬಣ್ಣವು ಬೆಳ್ಳಗೆ ಮಂಕಾಗುವುದುಂಟು: ದ್ರಾವಕವು ಬೇಗ ಆರುವಾಗ ಮೇಲ್ಮೈಯನ್ನು ತಂಪುಗೊಳಿಸುತ್ತದೆ, ತಂಪಾದ ಮೇಲ್ಮೈಯಲ್ಲಿ ಗಾಳಿಯ ನೀರು ಇಬ್ಬನಿಯಾಗಿ ಕೂರುತ್ತದೆ, ಅದು ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಮಳೆಗಾಲದಲ್ಲಿ ಅಳತೆ ಮಾಡಿ, ನಕಾಶೆ ಬರೆಯಿರಿ, ತಂತಿ ಬಗ್ಗಿಸಿ, ಕುಂಚವನ್ನು ಮುಟ್ಟಬೇಡಿ.

1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಹೂಡಿದ ಅಂಕೋಲೆಯವರಿಗೆ ಉಪ್ಪಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಉಪ್ಪು ಗಾಳಿಯಲ್ಲಿ ತೇಲಿಬಂದು ಪ್ರತಿಕೃತಿಯ ಹಳಿಯನ್ನು ತಿನ್ನುತ್ತದೆ. ಉಕ್ಕಿನ ಹಳಿಗೆ ತುಕ್ಕು, ಹಿತ್ತಾಳೆಯ ಹಳಿಗೆ ಕಿಲುಬು; ಇವೆರಡೂ ವಿದ್ಯುತ್ತನ್ನು ತಡೆಯುವುದರಿಂದ ಎಂಜಿನ್ ತಡವರಿಸುತ್ತದೆ. ಕೊಳ್ಳುವಾಗಲೇ ನಿಕಲ್ ಸಿಲ್ವರಿನ ಹಳಿಯನ್ನು ಕೇಳಿ. ವಾರಕ್ಕೊಮ್ಮೆ ಶುದ್ಧ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ; ಮರಳುಕಾಗದದಿಂದ ಉಜ್ಜಿದರೆ ಗೀರುಗಳಲ್ಲಿ ಕೊಳೆ ಮತ್ತೆ ಬೇಗನೆ ಕೂರುತ್ತದೆ. ಎಂಜಿನ್ನನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಔಷಧಿಯ ಶೀಶೆಗಳೊಡನೆ ಬರುವ ಸಿಲಿಕಾ ಪೊಟ್ಟಣಗಳ ಜೊತೆಗೆ ಇಡಿ. ತಿಂಗಳಿಗೊಮ್ಮೆಯಾದರೂ ಹೊರತೆಗೆದು ಹತ್ತು ನಿಮಿಷ ಓಡಿಸಿ.

ಕೊನೆಯದಾಗಿ ಒಂದು ಚೀಟಿ

ಎಲ್ಲ ಮುಗಿದ ಮೇಲೆ ಮಾಡಬೇಕಾದ ಕೆಲಸವೊಂದು ಉಳಿದಿದೆ. ಬಹುಮಂದಿ ಅದನ್ನು ಮರೆಯುತ್ತಾರೆ. ಒಂದು ಸಣ್ಣ ಚೀಟಿಯ ಮೇಲೆ ಎಂಜಿನ್ನಿನ ವರ್ಗ, ಸಂಖ್ಯೆ, ನೀವು ಆರಿಸಿಕೊಂಡ ವರ್ಷ, ಪ್ರಮಾಣ ಇಷ್ಟನ್ನು ಬರೆದು, ಅದರ ಕೆಳಗೆ ನೀವು ಬಿಟ್ಟುಕೊಟ್ಟುದೆಲ್ಲವನ್ನೂ ಪ್ರಾಮಾಣಿಕವಾಗಿ ಪಟ್ಟಿಮಾಡಿ: ಹಳಿ 2.8 ಮಿ.ಮೀ. ಕಿರಿದು, ತೂಕ 130 ಗ್ರಾಂ ಹೆಚ್ಚು, ಬಾಗಿಲಿನ ಹಿಡಿಗಳಿಲ್ಲ, ಗಿಡ್ಡ ಮೂತಿಯ ಒಳಗು ಊಹೆಯದು. ಅದನ್ನು ಡೀಸೆಲ್ ಟ್ಯಾಂಕಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಲ್ಲಿ, ಅಂಟಿಸಿ. ನಿಜವಾದ ಎಂಜಿನ್ನುಗಳು ಒಂದೊಂದಾಗಿ ಗುಜರಿಗೆ ಸಾಗುತ್ತಿವೆ. ಮುಂದೊಂದು ದಿನ ಮನೆಯ ಮಗುವೊಂದು ಈ ಗೇಣುದ್ದದ ಯಂತ್ರವನ್ನು ಕೈಯಲ್ಲಿ ತಿರುವಿ, ಸ್ಕೇಲು ಹಿಡಿದು, 87ರಿಂದ ಗುಣಿಸಿ, ತನ್ನ ಹಿರಿಯರು ಕಂಡುದು ಎಷ್ಟು ದೊಡ್ಡದಿತ್ತೆಂದು ಲೆಕ್ಕಹಾಕುವಾಗ, ಯಾವ ಅಳತೆಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದನ್ನು ಆ ಚೀಟಿ ತಿಳಿಸಲಿ.